ಜೂನ್‌ನಲ್ಲಿ ಶೆಟ್ಲೆಂಡ್: ಸ್ಕಾಟ್ಲೆಂಡಿನ ತುದಿಯ ದ್ವೀಪಗಳಿಗೆ ಹಕ್ಕಿ ನೋಡಲು ಹೊರಡುವವರಿಗೆ

ಸ್ಕಾಟ್ಲೆಂಡಿನ ದೂರದ ದ್ವೀಪಗಳಲ್ಲಿ ಹಕ್ಕಿ ಸಿಗಲಿಲ್ಲ ಎಂದು ಬೇಸರಪಟ್ಟುಕೊಂಡು ಬರುವವರು ಕಡಿಮೆ. ದಿನ ಸಾಲಲಿಲ್ಲ ಎನ್ನುವವರೇ ಹೆಚ್ಚು. ಸ್ಕೈ, ಮಲ್, ಹೆಬ್ರಿಡೀಸ್, ಆರ್ಕ್ನಿ, ಶೆಟ್ಲೆಂಡ್ ಎಲ್ಲವನ್ನೂ ಹತ್ತು ದಿನಕ್ಕೆ ತುರುಕಿಕೊಂಡು ಹೋದರೆ ಅದರಲ್ಲಿ ಅರ್ಧ ಕಾಲ ಫೆರಿ ಕಾಯುವುದಕ್ಕೇ ಹೋಗುತ್ತದೆ. ಒಂದು ದಿನ ಗಾಳಿ ಎದ್ದು ದೋಣಿ ರದ್ದಾಯಿತೆಂದರೆ ಅದರ ಹಿಂದಿನ ಬುಕಿಂಗುಗಳೆಲ್ಲ ಒಂದರ ಮೇಲೊಂದು ಬೀಳುತ್ತವೆ. ಆದ್ದರಿಂದ ಈ ಬರಹದ ಸಲಹೆ ಒಂದೇ: ಒಂದು ದ್ವೀಪಸಮೂಹ ಆರಿಸಿ, ಅಲ್ಲೇ ಎಂಟು–ಹತ್ತು ದಿನ ಇರಿ, ಎರಡು ದಿನವನ್ನು ಬೇಕೆಂದೇ ಖಾಲಿ ಬಿಡಿ. ನನ್ನ ಆಯ್ಕೆ ಶೆಟ್ಲೆಂಡ್. ಯಾಕೆಂದು ಮುಂದೆ ಹೇಳುತ್ತೇನೆ. ಆದರೆ ದ್ವೀಪಕ್ಕಿಂತ ಮೊದಲು ತೀರ್ಮಾನವಾಗಬೇಕಾದದ್ದು ತಿಂಗಳು.

ತಿಂಗಳು ಗೊತ್ತು ಮಾಡಿಕೊಳ್ಳಿ

ಪಫಿನ್, ಗಿಲಿಮಾಟ್, ರೇಜರ್‌ಬಿಲ್‌ಗಳಂಥ ಕಡಲಹಕ್ಕಿಗಳು ನೆಲ ಮುಟ್ಟುವುದು ಸಂಸಾರ ನಡೆಸಲು ಮಾತ್ರ. ಮಿಕ್ಕ ತಿಂಗಳುಗಳನ್ನು ತೆರೆದ ಸಮುದ್ರದಲ್ಲೇ ಕಳೆಯುತ್ತವೆ. ಪಫಿನ್ ಏಪ್ರಿಲ್‌ನಲ್ಲಿ ಬಂಡೆಗಳಿಗೆ ಮರಳುತ್ತದೆ, ಹುಲ್ಲಿನಡಿಯ ಬಿಲದಲ್ಲಿ ಒಂದೇ ಒಂದು ಮೊಟ್ಟೆಯಿಡುತ್ತದೆ, ಮರಿ ಬಲಿತ ಮೇಲೆ ಆಗಸ್ಟ್ ಮೊದಲ ವಾರಗಳ ಹೊತ್ತಿಗೆ ಜಾಗ ಖಾಲಿ ಮಾಡುತ್ತದೆ. ಗಿಲಿಮಾಟ್, ರೇಜರ್‌ಬಿಲ್‌ಗಳು ಅದಕ್ಕೂ ಮುಂಚೆ, ಜುಲೈನಲ್ಲೇ ಮರಿಗಳನ್ನು ನೀರಿಗಿಳಿಸಿಕೊಂಡು ಹೊರಟುಬಿಡುತ್ತವೆ. ಆಗಸ್ಟ್ ಕೊನೆಗೆ ರಜೆ ಸಿಕ್ಕಿತೆಂದು ಹೋದರೆ ಬಂಡೆಗಳ ಮೇಲೆ ಹಿಕ್ಕೆಯ ಬಿಳಿ ಗೆರೆಗಳೂ ಒಂದಷ್ಟು ಫುಲ್ಮರ್‌ಗಳೂ ಉಳಿದಿರುತ್ತವೆ. ಗ್ಯಾನೆಟ್‌ಗಳು ಮಾತ್ರ ಸೆಪ್ಟೆಂಬರಿನಲ್ಲೂ ಇರುತ್ತವೆ.

ಕೆಂಪು ಕತ್ತಿನ ಫ್ಯಾಲರೋಪ್ ಎಂಬ ಪುಟ್ಟ ನೀರುಹಕ್ಕಿ ಬರುವುದು ಮೇ ಕೊನೆಗೆ. ಶೆಟ್ಲೆಂಡಿನ ಮೂಸಾ ದ್ವೀಪದಲ್ಲಿ ಸ್ಟಾರ್ಮ್ ಪೆಟ್ರೆಲ್ ಎಂಬ ಪುಟ್ಟ ಕಡಲಹಕ್ಕಿಯನ್ನು ತೋರಿಸುವ ರಾತ್ರಿ ದೋಣಿಗಳು ಓಡುವುದು ಮೇ ಕೊನೆಯಿಂದ ಜುಲೈ ನಡುವಿನವರೆಗೆ. ಇವೆಲ್ಲವನ್ನೂ ಒಂದರ ಮೇಲೊಂದು ಇಟ್ಟು ನೋಡಿದರೆ ಉಳಿಯುವುದು ಮೇ 25ರ ಆಸುಪಾಸಿನಿಂದ ಜುಲೈ 10ರವರೆಗಿನ ಆರೇಳು ವಾರ. ಮಕ್ಕಳನ್ನು ಕರೆದುಕೊಂಡು ಹೋಗುವವರು ಕರ್ನಾಟಕದ ಬೇಸಿಗೆ ರಜೆಯ ಕೊನೆಯ ವಾರವನ್ನು ಹಿಡಿದರೆ ಅದರ ಅಂಚಾದರೂ ಸಿಗುತ್ತದೆ. ಮಕ್ಕಳ ಶಾಲೆಯ ಚಿಂತೆ ಇಲ್ಲದವರಿಗೆ ಜೂನ್ ನಡುಭಾಗ. ಆಗ ಪಫಿನ್‌ಗಳು ಮರಿಗೆಂದು ಸ್ಯಾಂಡ್‌ಈಲ್ ಮೀನುಗಳನ್ನು ಕೊಕ್ಕಿನ ಅಡ್ಡಕ್ಕೆ ಸಾಲಾಗಿ ಕಚ್ಚಿಕೊಂಡು ಬರತೊಡಗಿರುತ್ತವೆ. ಎಲ್ಲರಿಗೂ ಬೇಕಾದ ಆ ಫೋಟೋ ಮೇ ತಿಂಗಳಲ್ಲಿ ಸಿಗುವುದಿಲ್ಲ.

ಜೂನ್‌ಗೆ ಇನ್ನೊಂದು ಲಾಭ ಬೆಳಕು. ಶೆಟ್ಲೆಂಡ್ ಇರುವುದು 60 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ ನಡುವೆ ಹಗಲು ಹತ್ತೊಂಬತ್ತು ಗಂಟೆಯಷ್ಟಿರುತ್ತದೆ, ಸೂರ್ಯ ಮುಳುಗುವುದೇ ರಾತ್ರಿ ಹತ್ತೂವರೆಗೆ, ಆಮೇಲೂ ಪೂರ್ತಿ ಕತ್ತಲಾಗುವುದಿಲ್ಲ. ಮಧ್ಯಾಹ್ನ ಮಳೆ ಬಂದರೆ ಮಲಗಿ, ಸಂಜೆ ಏಳಕ್ಕೆ ಹೊರಟರೂ ಮೂರು ಗಂಟೆ ಒಳ್ಳೆಯ ಬೆಳಕಿರುತ್ತದೆ. ಪಫಿನ್‌ಗಳು ಹೆಚ್ಚಾಗಿ ದಡ ಸೇರುವುದೂ ಸಂಜೆಯೇ.

ಬ್ರಿಟನ್ನಿನ ಹಕ್ಕಿಹುಚ್ಚರನ್ನು ಕೇಳಿದರೆ ಅವರು ಬೇರೆ ಕಾಲ ಹೇಳುತ್ತಾರೆ: ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಆರಂಭ. ಪೂರ್ವದ ಗಾಳಿಗೆ ದಾರಿ ತಪ್ಪಿದ ವಲಸೆ ಹಕ್ಕಿಗಳು ಶೆಟ್ಲೆಂಡಿನ ಕಲ್ಲುಗೋಡೆ, ಎಲೆಕೋಸಿನ ಪಾತಿಗಳಲ್ಲಿ ಇಳಿಯುವ ಕಾಲ ಅದು. ಅವರಿಗದು ಹಬ್ಬ. ಆದರೆ ಅವರು ಮಳೆಯಲ್ಲಿ ನಿಂತು ಕಾಯುವ ಹಕ್ಕಿಗಳಲ್ಲಿ ಬ್ಲಿತ್ಸ್ ರೀಡ್ ವಾರ್ಬ್ಲರ್ ಒಂದು. ಚಳಿಗಾಲದಲ್ಲಿ ನಮ್ಮೂರಿನ ಯಾವ ಬೇಲಿಯ ಹತ್ತಿರ ನಿಂತರೂ ‘ಚಕ್, ಚಕ್’ ಎಂದು ಗದರುವ ಅದೇ ಹಕ್ಕಿ. ಗುಲಾಬಿ ಕಬ್ಬಕ್ಕಿಯದೂ ಅದೇ ಕಥೆ. ಇಲ್ಲಿ ಹಿಂಡುಹಿಂಡಾಗಿ ಜೋಳದ ಹೊಲಕ್ಕೆ ಬೀಳುವುದು ಅಲ್ಲಿ ಒಂಟಿಯಾಗಿ ಕಾಣಿಸಿದರೆ ಸುದ್ದಿ. ಅಷ್ಟು ದೂರ ಹೋಗಿ ಮನೆಯ ಹಿತ್ತಲಿನ ಹಕ್ಕಿ ನೋಡಿ ಬರಬೇಕೆ? ಬೆಂಗಳೂರಿನಿಂದಲೋ ಶಿವಮೊಗ್ಗದಿಂದಲೋ ಹೋಗುವವರಿಗೆ ಅಲ್ಲಿನ ಬೇಸಿಗೆಯೇ ಸರಿ.

ದ್ವೀಪ ಆರಿಸಿಕೊಳ್ಳಿ

ಶೆಟ್ಲೆಂಡ್ ಯಾಕೆಂದರೆ, ಅಲ್ಲಿ ಕಡಲಹಕ್ಕಿಗಳ ವಸತಿಗಳು ರಸ್ತೆಗೆ ಹತ್ತಿರ. ನೂರಕ್ಕೂ ಹೆಚ್ಚು ದ್ವೀಪಗಳಿದ್ದರೂ ಜನವಾಸ ಇರುವುದು ಹದಿನಾರರಲ್ಲಿ. ಮುಖ್ಯವಾದವುಗಳ ನಡುವೆ ದಿನಕ್ಕೆ ಹಲವು ಬಾರಿ ಕಾರು ಸಾಗಿಸುವ ಫೆರಿಗಳಿವೆ. ಒಂದು ದೋಣಿ ತಪ್ಪಿದರೆ ಇನ್ನೊಂದು ಸಿಗುತ್ತದೆ ಎಂಬ ನೆಮ್ಮದಿ ದೊಡ್ಡದು.

ಆರ್ಕ್ನಿ ಇನ್ನೂ ಸುಲಭ. ಮುಖ್ಯಭೂಮಿಯ ಸ್ಕ್ರ್ಯಾಬ್‌ಸ್ಟರ್‌ನಿಂದ ಅಲ್ಲಿನ ಸ್ಟ್ರಾಮ್‌ನೆಸ್‌ಗೆ ಫೆರಿಯಲ್ಲಿ ಒಂದೂವರೆ ಗಂಟೆ. ಸ್ಕಾರ ಬ್ರೇಯಂಥ ಶಿಲಾಯುಗದ ನೆಲೆಗಳೂ ಇರುವುದರಿಂದ ಜೊತೆಗೆ ಬಂದವರಿಗೆ ಹಕ್ಕಿಯ ಹುಚ್ಚಿಲ್ಲದಿದ್ದರೆ ಆರ್ಕ್ನಿಯೇ ಮೇಲು, ಮನೆಯಲ್ಲಿ ಶಾಂತಿ ಇರುತ್ತದೆ. ವೆಸ್ಟ್ರೆಯಿಂದ ಪಾಪಾ ವೆಸ್ಟ್ರೆಗೆ ಹೋಗುವ ವಿಮಾನ ಪ್ರಪಂಚದಲ್ಲೇ ಅತಿ ಕಿರಿದಾದ ನಿಗದಿತ ಹಾರಾಟ, ಎರಡು ನಿಮಿಷದ ಆಚೀಚೆ. ಈಗ ಅಳಿದುಹೋದ, ಹಾರಲಾರದ ಗ್ರೇಟ್ ಆಕ್ ಹಕ್ಕಿಯ ಕೊನೆಯ ಕೆಲವು ಬ್ರಿಟಿಷ್ ನೆಲೆಗಳಲ್ಲಿ ಪಾಪಾ ವೆಸ್ಟ್ರೆಯೂ ಒಂದು. ಅಲ್ಲಿಯದನ್ನು 1813ರಲ್ಲಿ ಕೊಂದರು.

ಪಶ್ಚಿಮದ ಹೊರ ಹೆಬ್ರಿಡೀಸ್‌ಗೆ ಹೋಗಬೇಕಾದದ್ದು ಹುಲ್ಲಿನಲ್ಲಿ ಅಡಗಿರುವ ಕಾರ್ನ್‌ಕ್ರೇಕ್ ಹಕ್ಕಿಗಾಗಿ, ಬಿಳಿಬಾಲದ ಕಡಲ ಹದ್ದಿಗಾಗಿ, ಮಖರ್ ಎನ್ನುವ ಹೂ ತುಂಬಿದ ಮರಳು ಹುಲ್ಲುಗಾವಲಿಗಾಗಿ. ನಾರ್ತ್ ಯೂಇಸ್ಟ್‌ನ ಬಾಲ್‌ರನಾಲ್ಡ್‌ನಲ್ಲಿ ಬ್ರಿಟನ್ನಿನ ಹಕ್ಕಿ ಸಂರಕ್ಷಣಾ ಸಂಸ್ಥೆ ಆರ್‌ಎಸ್‌ಪಿಬಿಯ ಮೀಸಲು ಪ್ರದೇಶವಿದೆ. ಕಾರ್ನ್‌ಕ್ರೇಕ್ ಕೂಗು ಖಂಡಿತ ಕೇಳಿಸುತ್ತದೆ, ಹಕ್ಕಿ ಕಣ್ಣಿಗೆ ಬೀಳುವುದು ನಿಮ್ಮ ತಾಳ್ಮೆಗೆ ಬಿಟ್ಟದ್ದು. ಮೇ ಮೊದಲ ವಾರಗಳಲ್ಲಿ, ಹುಲ್ಲು ಎತ್ತರಕ್ಕೆ ಬೆಳೆಯುವ ಮುಂಚೆ, ಅವಕಾಶ ಹೆಚ್ಚು.

ಸೇಂಟ್ ಕಿಲ್ಡಾದ ಕನಸು ಎಲ್ಲರಿಗೂ ಇರುತ್ತದೆ. ನಾರ್ತ್ ಯೂಇಸ್ಟ್‌ನಿಂದಲೂ ಪಶ್ಚಿಮಕ್ಕೆ 64 ಕಿಲೋಮೀಟರು. ಶತಮಾನಗಳ ಕಾಲ ಅಲ್ಲಿನವರ ಊಟ, ದೀಪದೆಣ್ಣೆ, ಕೊನೆಗೆ ಒಕ್ಕಲಿನ ಬಾಡಿಗೆಯೂ ಕಡಲಹಕ್ಕಿಗಳಿಂದಲೇ ನಡೆದಿತ್ತು. 1930ರ ಆಗಸ್ಟ್ 29ರಂದು ಉಳಿದಿದ್ದ 36 ಜನರೂ ಊರು ಬಿಟ್ಟರು. ಸ್ಟ್ಯಾಕ್ ಲೀ, ಸ್ಟ್ಯಾಕ್ ಆನ್ ಆರ್ಮಿನ್ ಎಂಬ ಕಲ್ಲುಗೋಪುರಗಳ ಕೆಳಗೆ ದೋಣಿಯಲ್ಲಿ ನಿಂತು ತಲೆಯೆತ್ತಿದರೆ ಆಕಾಶ ತುಂಬ ಗ್ಯಾನೆಟ್. ಆದರೆ ಹ್ಯಾರಿಸ್‌ನ ಲೆವರ್‌ಬರಾದಿಂದ ಹೊರಡುವ ದಿನದ ದೋಣಿಗಳು ಹವೆಯನ್ನು ನೋಡಿ ಹೊರಡುತ್ತವೆಯೇ ಹೊರತು ನಿಮ್ಮ ಟಿಕೆಟ್ಟಿನ ತಾರೀಖನ್ನು ನೋಡಿ ಅಲ್ಲ. ಹೋದರೂ ಅಲೆ ಜೋರಿದ್ದರೆ ದಡಕ್ಕೆ ಇಳಿಸುವುದಿಲ್ಲ. ಹ್ಯಾರಿಸ್‌ನಲ್ಲಿ ನಾಲ್ಕೈದು ದಿನ ಇದ್ದು, ಅದರಲ್ಲಿ ಯಾವ ದಿನ ಕರೆದರೂ ಹೊರಡುತ್ತೇನೆ ಎನ್ನುವವರು ಮಾತ್ರ ಇದಕ್ಕೆ ಕೈಹಾಕಲಿ.

ಬ್ರಿಟನ್ನಿನಲ್ಲೇ ನೆಲೆಸಿರುವ ಕನ್ನಡಿಗರಿಗೆ ಉದ್ದನೆಯ ವಾರಾಂತ್ಯವೊಂದೇ ಕೈಯಲ್ಲಿದ್ದರೆ ಇಷ್ಟೆಲ್ಲ ಬೇಡ. ಓಬನ್‌ನಿಂದ ಮಲ್‌ಗೆ ಹೋಗಿ, ಅಲ್ಲಿಂದ ಟ್ರೆಶ್‌ನಿಶ್ ದ್ವೀಪಗಳ ಲುಂಗಾಗೆ ದೋಣಿ ಹಿಡಿಯಿರಿ. ಪಫಿನ್‌ಗಳು ಕಾಲ ಬುಡದಲ್ಲೇ ಓಡಾಡುತ್ತವೆ.

ಯಾವುದನ್ನು ಮೊದಲು ಬುಕ್ ಮಾಡಬೇಕು

ಸಾಮಾನ್ಯವಾಗಿ ನಾವು ಅಂತರರಾಷ್ಟ್ರೀಯ ವಿಮಾನ ಮೊದಲು, ಉಳಿದದ್ದು ಆಮೇಲೆ ಎಂದುಕೊಳ್ಳುತ್ತೇವೆ. ಇಲ್ಲಿ ಅದನ್ನು ತಿರುಗಿಸಬೇಕು. ಬೆಂಗಳೂರು–ಲಂಡನ್ ಸೀಟು ಯಾವತ್ತೂ ಸಿಗುತ್ತದೆ. ಶೆಟ್ಲೆಂಡಿನ ಉತ್ತರ ತುದಿಯ ಅನ್ಸ್ಟ್ ದ್ವೀಪದಲ್ಲಿ ಜೂನ್ ತಿಂಗಳ ಕೋಣೆ ಸಿಗುವುದಿಲ್ಲ.

ಹಿಂದಿನ ಚಳಿಗಾಲದಲ್ಲೇ ವಸತಿ ಹುಡುಕಲು ಕೂರಿ. ಮೊದಲು ಅನ್ಸ್ಟ್ ಅಥವಾ ಯೆಲ್ ದ್ವೀಪದ ವಸತಿ, ಆಮೇಲೆ ಮುಖ್ಯ ಪಟ್ಟಣ ಲೆರ್ವಿಕ್ ಮತ್ತು ದಕ್ಷಿಣ ಭಾಗದ್ದು, ಆಮೇಲೆ ಕಾರು, ಆಮೇಲೆ ರಾತ್ರಿ ಹಡಗಿನ ಕ್ಯಾಬಿನ್, ಆಮೇಲೆ ಮೂಸಾದ ರಾತ್ರಿ ದೋಣಿ. ಮೂಸಾದ ಟಿಕೆಟ್ ಮಾರಾಟ ಶುರುವಾದದ್ದು ಗೊತ್ತಾದ ದಿನವೇ ತೆಗೆದುಕೊಳ್ಳಿ. ಲಂಡನ್ ವಿಮಾನ ಕೊನೆಗೆ.

ಇದಕ್ಕೊಂದು ತೊಡಕಿದೆ, ಅದು ವೀಸಾ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಸ್ಟ್ಯಾಂಡರ್ಡ್ ವಿಸಿಟರ್ ವೀಸಾ ಬೇಕು, ಅದಕ್ಕೆ ಅರ್ಜಿ ಹಾಕಬಹುದಾದದ್ದು ಪ್ರಯಾಣಕ್ಕೆ ಮೂರು ತಿಂಗಳಿರುವಾಗಿನಿಂದ ಮಾತ್ರ. ಅರ್ಜಿ ಆನ್‌ಲೈನ್‌ನಲ್ಲಿ, ಬೆರಳಚ್ಚು ಬೆಂಗಳೂರಿನ ವಿಎಫ್‌ಎಸ್ ಕೇಂದ್ರದಲ್ಲಿ, ತೀರ್ಮಾನಕ್ಕೆ ಸಾಮಾನ್ಯವಾಗಿ ಮೂರು ವಾರ. ಅಂದರೆ ವಸತಿ ಕಾದಿರಿಸುವಾಗ ಕೈಯಲ್ಲಿ ವೀಸಾ ಇರುವುದಿಲ್ಲ. ಹಣ ವಾಪಸು ಬರುವಂಥ ಬುಕಿಂಗುಗಳನ್ನೇ ಹುಡುಕಿ, ತುಸು ದುಬಾರಿಯಾದರೂ. ಅರ್ಜಿಯ ಜೊತೆ ದಿನವಾರು ಪ್ರವಾಸ ವಿವರ ಕೊಡುವಾಗ ‘ಹಕ್ಕಿ ವೀಕ್ಷಣೆ’ ಎಂದು ನೇರವಾಗಿ ಬರೆಯಿರಿ. ಲಂಡನ್ ಬಿಟ್ಟು ಉತ್ತರದ ತುದಿಗೆ ಯಾಕೆ ಹೋಗುತ್ತಿದ್ದೀರಿ ಎಂಬ ಪ್ರಶ್ನೆಗೆ ಅದೇ ಉತ್ತರ.

ಕೈ ಬಿಗಿ ಇರುವವರಿಗೆ ಲೆರ್ವಿಕ್‌ನ ಐಲ್ಸ್‌ಬರಾ ಹೌಸ್, ಅನ್ಸ್ಟ್‌ನ ಗಾರ್ಡಿಸ್‌ಫಾಲ್ಡ್ ಹಾಸ್ಟೆಲುಗಳಿವೆ. ಕ್ಯಾಂಪಿಂಗ್ ಬಾಡ್ ಎನ್ನುವ ಹಳೆಯ ಕಲ್ಲುಮನೆಗಳೂ ಇವೆ. ಹಾಸಿಗೆ ಬಟ್ಟೆ ನಿಮ್ಮದೇ, ಮಂಚ ಮಾತ್ರ ಅವರದು.

ತಲುಪುವುದು

ಬೆಂಗಳೂರಿನಿಂದ ಲಂಡನ್‌ಗೆ ನೇರ ವಿಮಾನವಿದೆ. ಅಲ್ಲಿಂದ ಸ್ಕಾಟ್ಲೆಂಡಿನ ಅಬರ್ಡೀನ್‌ಗೆ ಕಿಂಗ್ಸ್ ಕ್ರಾಸ್ ನಿಲ್ದಾಣದಿಂದ ಹಗಲು ರೈಲು, ಸುಮಾರು ಏಳು ಗಂಟೆ. ಯೂಸ್ಟನ್‌ನಿಂದ ರಾತ್ರಿ ಮಲಗಿ ಹೋಗುವ ಕ್ಯಾಲಿಡೋನಿಯನ್ ಸ್ಲೀಪರ್ ಕೂಡ ಇದೆ. ಅಬರ್ಡೀನ್‌ನಿಂದ ನಾರ್ತ್‌ಲಿಂಕ್ ಹಡಗು ಸಂಜೆ ಹೊರಟು ಬೆಳಿಗ್ಗೆ ಏಳೂವರೆಗೆ ಲೆರ್ವಿಕ್ ಮುಟ್ಟಿಸುತ್ತದೆ. ಕೆಲವು ದಿನ ನೇರ, ಕೆಲವು ದಿನ ಆರ್ಕ್ನಿಯ ಕರ್ಕ್‌ವಾಲ್ ಮೇಲೆ. ನೇರ ಹೋಗುವ ದಿನವನ್ನೇ ಆರಿಸಿ, ಇಲ್ಲದಿದ್ದರೆ ನಡುರಾತ್ರಿ ಕರ್ಕ್‌ವಾಲ್‌ನ ಗದ್ದಲಕ್ಕೆ ಎಚ್ಚರವಾಗುತ್ತದೆ.

ಲೋಗನ್‌ಏರ್ ವಿಮಾನದಲ್ಲಿ ಅಬರ್ಡೀನ್, ಎಡಿನ್‌ಬರಾ, ಗ್ಲಾಸ್ಗೊಗಳಿಂದ ಶೆಟ್ಲೆಂಡಿನ ದಕ್ಷಿಣ ತುದಿಯ ಸಂಬರಾ ನಿಲ್ದಾಣಕ್ಕೂ ಹಾರಬಹುದು. ಬೇಸಿಗೆಯಲ್ಲಿ ಕಡಲಿನಿಂದ ಮಂಜು ಮೇಲೆದ್ದು ವಿಮಾನಗಳು ರದ್ದಾಗುವುದುಂಟು. ಹೋಗುವಾಗ ಹಡಗು, ಬರುವಾಗ ವಿಮಾನ ಎನ್ನುವವರಿದ್ದಾರೆ. ನಾನು ಎರಡೂ ಕಡೆ ಹಡಗನ್ನೇ ಹೇಳುತ್ತೇನೆ. ಬೆಳಿಗ್ಗೆ ಐದಕ್ಕೆ ಎದ್ದು ಡೆಕ್ಕಿಗೆ ಬಂದರೆ ಶೆಟ್ಲೆಂಡಿನ ದಕ್ಷಿಣ ತುದಿ ಕಾಣುವ ಮೊದಲೇ ಫುಲ್ಮರ್‌ಗಳು ಹಡಗಿನ ಪಕ್ಕ ರೆಕ್ಕೆ ಅಲುಗಿಸದೆ ತೇಲುತ್ತಿರುತ್ತವೆ. ಗ್ಯಾನೆಟ್, ಪಫಿನ್, ಸ್ಕೂಆ ಎಲ್ಲವೂ ಅಲ್ಲಿಂದಲೇ ಲೆಕ್ಕಕ್ಕೆ.

ಸಂಬರಾ ಹತ್ತಿರ ಪ್ರವಾಹಗಳು ಕೂಡುವ ಕಡೆ ಹಡಗು ತೂಗಾಡುತ್ತದೆ. ಘಾಟಿ ರಸ್ತೆಯ ಬಸ್ಸಿನಲ್ಲಿ ವಾಂತಿಯಾಗುವವರು ಅವೋಮಿನ್‌ನಂಥ ಮಾತ್ರೆಯನ್ನು ವೈದ್ಯರನ್ನು ಕೇಳಿ ಜೊತೆಗಿಟ್ಟುಕೊಳ್ಳಿ, ಹಡಗು ಹತ್ತುವ ಮುಂಚೆಯೇ ನುಂಗಿ.

ಕಾರು ಬೇಕೇ? ಬಸ್ಸುಗಳಿವೆ, ಆದರೆ ಹಕ್ಕಿಯ ಹೊತ್ತಿಗೆ ಅವು ಓಡುವುದಿಲ್ಲ. ಭಾರತದ ಚಾಲನಾ ಪರವಾನಗಿಯಲ್ಲಿ ಹನ್ನೆರಡು ತಿಂಗಳವರೆಗೆ ಅಲ್ಲಿ ಕಾರು ಓಡಿಸಬಹುದು. ಎಡಬದಿಯ ಸಂಚಾರ, ನಮಗೆ ಅಭ್ಯಾಸವಾದದ್ದೇ. ಹೊಸದು ಒಂದೇ: ಒಂದೇ ವಾಹನದ ಅಗಲದ ರಸ್ತೆಗಳು. ಅಲ್ಲಲ್ಲಿ ‘ಪಾಸಿಂಗ್ ಪ್ಲೇಸ್’ ಎಂದು ಅಗಲ ಮಾಡಿರುತ್ತಾರೆ. ಎದುರು ವಾಹನ ಕಂಡಾಗ ಆ ಅಗಲದ ಜಾಗ ನಿಮ್ಮ ಎಡಕ್ಕಿದ್ದರೆ ಒಳಗೆ ಸರಿಯಿರಿ, ಬಲಕ್ಕಿದ್ದರೆ ಅದರ ಎದುರಿಗೆ ನಿಂತು ಅವರಿಗೆ ದಾರಿ ಬಿಡಿ. ಹಿಂದಿನಿಂದ ಬಂದ ಊರಿನವರಿಗೂ ಹಾಗೆಯೇ ಬಿಡಿ, ಅವರು ಫೆರಿ ಹಿಡಿಯಲು ಹೊರಟವರಿರುತ್ತಾರೆ. ಹಕ್ಕಿ ಕಂಡಿತೆಂದು ಅಲ್ಲಿ ಕಾರು ನಿಲ್ಲಿಸಿ ಇಳಿಯಬೇಡಿ. ಹಾರ್ನ್ ಬೇಡ, ಕೈ ಎತ್ತಿದರೆ ಸಾಕು.

ದಿನಗಳನ್ನು ಹಂಚುವುದು

ಮೊದಲ ಮೂರು ರಾತ್ರಿ ದಕ್ಷಿಣದಲ್ಲಿ ಇರಿ. ಸಂಬರಾ ಹೆಡ್‌ಗೆ ಹೋಗುವ ದಾರಿಯಲ್ಲಿ ವಿಮಾನ ನಿಲ್ದಾಣದ ರನ್‌ವೇಯನ್ನೇ ದಾಟಬೇಕು, ವಿಮಾನ ಬಂದಾಗ ರೈಲ್ವೆ ಗೇಟಿನಂತೆ ಅಡ್ಡಗಟ್ಟುತ್ತಾರೆ. ತುದಿಯಲ್ಲಿ ರಾಬರ್ಟ್ ಸ್ಟೀವನ್ಸನ್ 1821ರಲ್ಲಿ ಕಟ್ಟಿದ ದೀಪಸ್ತಂಭ. ಸುತ್ತಲಿನ ಬಂಡೆಗಳು ಆರ್‌ಎಸ್‌ಪಿಬಿಯ ಮೀಸಲು. ಕಲ್ಲುಗೋಡೆಯ ಈಚೆ ನೀವು, ಆಚೆ ಕೆಲವೇ ಅಡಿಗಳಲ್ಲಿ ಪಫಿನ್. ಆರುನೂರು ಎಂಎಂ ಲೆನ್ಸ್ ಹೊತ್ತು ತಂದವರು ಅದನ್ನು ಚೀಲಕ್ಕೆ ಸೇರಿಸಿ ಮೊಬೈಲು ತೆಗೆಯುವ ಜಾಗ ಇದು. ಹಗಲು ನಡುವೆ ಹೋಗಿ ‘ಎಲ್ಲೂ ಇಲ್ಲ’ ಎಂದುಕೊಳ್ಳುವುದು ಬೇಡ, ಸಂಜೆ ಏಳರ ಮೇಲೆ ಹೋಗಿ. ದೀಪಸ್ತಂಭದ ಎತ್ತರದಿಂದ ಓರ್ಕಾ ತಿಮಿಂಗಿಲಗಳು ಕಾಣಿಸಿದರೆ ಅದು ಅದೃಷ್ಟ.

ಮೂಸಾಗೆ ದೋಣಿ ಹೊರಡುವುದು ಸ್ಯಾಂಡ್‌ವಿಕ್‌ನಿಂದ, ರಾತ್ರಿ ಹನ್ನೊಂದರ ಸುಮಾರಿಗೆ. ಆ ದ್ವೀಪದಲ್ಲಿ ಎರಡು ಸಾವಿರ ವರ್ಷಕ್ಕೂ ಹಳೆಯ ಬ್ರಾಕ್ ಇದೆ, ಗಾರೆಯಿಲ್ಲದೆ ಬರೀ ಕಲ್ಲು ಜೋಡಿಸಿ ಕಟ್ಟಿದ 13 ಮೀಟರ್ ಎತ್ತರದ ದುಂಡು ಗೋಪುರ. ಇಂಥ ಗೋಪುರಗಳಲ್ಲಿ ಇಷ್ಟು ಚೆನ್ನಾಗಿ ಉಳಿದದ್ದು ಇನ್ನೊಂದಿಲ್ಲ. ಅದರ ಕಲ್ಲುಸಂದುಗಳಲ್ಲೂ ಕಡಲ ದಡದ ಕಲ್ಲುರಾಶಿಯಲ್ಲೂ ಸ್ಟಾರ್ಮ್ ಪೆಟ್ರೆಲ್‌ಗಳು ಗೂಡು ಮಾಡುತ್ತವೆ. ಗುಬ್ಬಿಗಿಂತ ತುಸು ದೊಡ್ಡದು, ತೂಕ 25 ಗ್ರಾಂ, ಬದುಕುವುದು ಅಟ್ಲಾಂಟಿಕ್‌ನಲ್ಲಿ. ಹಗಲು ದಡಕ್ಕೆ ಬಂದರೆ ಸೀಗಲ್‌ಗಳೂ ಸ್ಕೂಆಗಳೂ ಬಿಡುವುದಿಲ್ಲ, ಅದಕ್ಕೇ ನಡುರಾತ್ರಿಯ ಮಬ್ಬಿನಲ್ಲಿ ಬರುತ್ತವೆ. ಗೋಡೆಗೆ ಕಿವಿಯಿಟ್ಟರೆ ಒಳಗಿನಿಂದ ಮುದಿಬೆಕ್ಕಿನ ಗುರುಗುರು, ನಡುನಡುವೆ ಬಿಕ್ಕಳಿಕೆ. ಹನ್ನೆರಡೂವರೆಯ ಹೊತ್ತಿಗೆ ಬಾವಲಿಗಳ ಹಾಗೆ ತಲೆಯ ಸುತ್ತ ಹಾರಾಟ ಶುರು. ಫ್ಲ್ಯಾಶ್ ಹಾಕಬೇಡಿ, ಬಿಳಿ ಬೆಳಕಿನ ಟಾರ್ಚೂ ಬೇಡ. ಫೋಟೋ ಹೇಗೂ ಬರುವುದಿಲ್ಲ. ಇಡೀ ಪ್ರವಾಸದಲ್ಲಿ ಒಂದನ್ನೇ ಉಳಿಸಿಕೊಳ್ಳಿ ಎಂದರೆ ನಾನು ಪಫಿನ್ ಬಿಟ್ಟು ಇದನ್ನು ಇಟ್ಟುಕೊಳ್ಳುತ್ತೇನೆ. ಟಿಕೆಟನ್ನು ಮೊದಲ ರಾತ್ರಿಗೇ ತೆಗೆದುಕೊಳ್ಳಿ. ಗಾಳಿಗೆ ರದ್ದಾದರೆ ಮುಂದಿನ ರಾತ್ರಿಗಳಲ್ಲಿ ಜಾಗ ಕೇಳಲು ಅವಕಾಶವಿರುತ್ತದೆ.

ನಾಲ್ಕನೆಯ ದಿನ ಲೆರ್ವಿಕ್‌ನಿಂದ ನಾಸ್ ದ್ವೀಪಕ್ಕೆ. 180 ಮೀಟರ್ ಎತ್ತರದ ಮರಳುಗಲ್ಲಿನ ಗೋಡೆ, ಗಾಳಿ ಕೊರೆದ ಪ್ರತಿ ಅಂಚಿನ ಮೇಲೂ ಗ್ಯಾನೆಟ್. ದ್ವೀಪದ ಮೇಲೆ ನಡೆಯಬೇಕೆಂದರೆ ಬ್ರೆಸೇ ದ್ವೀಪ ದಾಟಿ, ಅಲ್ಲಿಂದ ಸ್ಕಾಟ್ಲೆಂಡಿನ ಸರ್ಕಾರಿ ಪ್ರಕೃತಿ ಸಂಸ್ಥೆ ನೇಚರ್‌ಸ್ಕಾಟ್‌ನವರ ಸಣ್ಣ ರಬ್ಬರ್ ದೋಣಿ. ಅದು ನಡೆಯುತ್ತಿದೆಯೇ ಎಂದು ಆಯಾ ವರ್ಷ ವಿಚಾರಿಸಿಕೊಳ್ಳಿ. ಲೆರ್ವಿಕ್ ಬಂದರಿನಿಂದ ಬಂಡೆಗಳ ಬುಡಕ್ಕೆ ಕರೆದೊಯ್ಯುವ ದೋಣಿ ಬೇರೆ. ಎರಡರಲ್ಲಿ ಒಂದೇ ಸಾಧ್ಯ ಎಂದರೆ ದೋಣಿಯೇ ಇರಲಿ. ಮೇಲಿನಿಂದ ಗ್ಯಾನೆಟ್ ನೋಡುವುದಕ್ಕೂ ಕೆಳಗಿನಿಂದ, ಅವು ಈಟಿಯಂತೆ ನೀರಿಗೆ ಬೀಳುವುದನ್ನು ನೋಡುವುದಕ್ಕೂ ವ್ಯತ್ಯಾಸವಿದೆ.

ಆಮೇಲೆ ಮೂರು ರಾತ್ರಿ ಉತ್ತರಕ್ಕೆ. ಟಾಫ್ಟ್‌ನಿಂದ ಯೆಲ್, ಯೆಲ್ ಉದ್ದಕ್ಕೂ ಓಡಿ ಗುಚರ್‌ನಿಂದ ಅನ್ಸ್ಟ್. ಫೆರಿಗಳಲ್ಲಿ ಕಾರಿಗೆ ಜಾಗ ಮುಂಚೆಯೇ ಹೇಳಿಟ್ಟರೆ ಒಳ್ಳೆಯದು. ಬ್ರಿಟನ್ನಿನ ಉತ್ತರ ತುದಿಯ ಜನವಸತಿ ಅನ್ಸ್ಟ್. ಸೋಫಾ, ಪರದೆ, ಟಿವಿ ಸಮೇತ ಅಲಂಕರಿಸಿದ ಅಲ್ಲಿನ ಬಸ್ ತಂಗುದಾಣವನ್ನು ನೋಡದೆ ಯಾರೂ ಮುಂದೆ ಹೋಗುವುದಿಲ್ಲ. ಹರ್ಮನೆಸ್‌ನ ಮೀಸಲಿನಲ್ಲಿ ಪೀಟ್ ಎಂಬ ಮೆತ್ತನೆಯ ಜೌಗು ನೆಲದ ಮೇಲೆ ಹಲಗೆ ಹಾಸಿದ ದಾರಿಯಲ್ಲಿ ನಡೆದು ಪಶ್ಚಿಮದ ಬಂಡೆಗಳಿಗೆ ಬಂದರೆ ಎದುರಿಗೆ ಮಕಲ್ ಫ್ಲಗಾದ ದೀಪಸ್ತಂಭ, ಅದರಾಚೆಗೆ ಔಟ್ ಸ್ಟ್ಯಾಕ್ ಎಂಬ ಬಂಡೆ. ಬ್ರಿಟನ್ ಅಲ್ಲಿಗೆ ಮುಗಿಯುತ್ತದೆ. ಹೋಗಿಬರಲು ಅರ್ಧ ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳಿ. ಮಂಜು ಕವಿದರೆ ಬಂಡೆಯಂಚಿಗೆ ಹೋಗಲೇಬೇಡಿ, ಒದ್ದೆ ಹುಲ್ಲು ಜಾರುತ್ತದೆ.

ಈ ದಾರಿ ಬಾಂಕ್ಸಿಗಳದ್ದು. ಗ್ರೇಟ್ ಸ್ಕೂಆವನ್ನು ಶೆಟ್ಲೆಂಡಿನವರು ಕರೆಯುವುದು ಹಾಗೆ. ಗೂಡಿನ ಹತ್ತಿರ ಹೋದವರ ತಲೆಯ ಮೇಲೆ ಎರಗುತ್ತದೆ. ಕೈಯನ್ನೋ ಕೋಲನ್ನೋ ತಲೆಗಿಂತ ಮೇಲೆ ಹಿಡಿದರೆ ಅದಕ್ಕೆ ಗುರಿಯಿಡುತ್ತದೆ. ಬೀಸಬೇಡಿ, ಬಂದ ದಾರಿಗೆ ಹಿಂದಿರುಗಿ. ಆರ್ಕ್ಟಿಕ್ ರೀವಗಳೂ (ಟರ್ನ್) ಹೀಗೆಯೇ, ಅವು ನೆತ್ತಿಗೆ ನಿಜವಾಗಿಯೂ ಕುಕ್ಕುತ್ತವೆ, ಟೋಪಿ ಇರಲಿ. ಫುಲ್ಮರ್ ಮಾತ್ರ ಕೂತಲ್ಲಿಂದಲೇ ಹೊಟ್ಟೆಯೊಳಗಿನ ಎಣ್ಣೆಯನ್ನು ಉಗುಳುತ್ತದೆ. ಜಾಕೆಟ್ಟಿಗೆ ಬಿದ್ದರೆ ಆ ನಾತ ಊರಿಗೂ ಬರುತ್ತದೆ.

ಅನ್ಸ್ಟ್‌ನಿಂದ ಒಂದು ದಿನ ಪಕ್ಕದ ಫೆಟ್ಲರ್ ದ್ವೀಪಕ್ಕೆ. ನಕ್ಷೆಯಲ್ಲಿ ಫಂಜಿ ಎಂದು ಓದುವಂತಿದ್ದರೂ ಊರವರ ಬಾಯಲ್ಲಿ ಅದು ಲಾಕ್ ಆಫ್ ಫಿನ್ನಿ. ಆ ಸಣ್ಣ ಕೆರೆಯ ದಡದಲ್ಲಿ ಸುಮ್ಮನೆ ಕೂತರೆ ಕೆಂಪು ಕತ್ತಿನ ಫ್ಯಾಲರೋಪ್ ನಿಮ್ಮ ಬೂಟಿನ ಹತ್ತಿರವೇ ನೀರಿನಲ್ಲಿ ಗಿರಗಿರ ಸುತ್ತುತ್ತ ಹುಳ ಹೆಕ್ಕುತ್ತದೆ. ಇವುಗಳಲ್ಲಿ ಹೆಣ್ಣಿನ ಬಣ್ಣವೇ ಗಾಢ, ಕಾವು ಕೂರುವುದು ಗಂಡು. ಚಳಿಗಾಲದಲ್ಲಿ ಇದೇ ಜಾತಿಯ ಹಕ್ಕಿಗಳು ಅರಬ್ಬಿ ಸಮುದ್ರದ ತುಂಬ ಇರುತ್ತವೆ. ಕರಾವಳಿಯಿಂದ ದೋಣಿಯಲ್ಲಿ ಆಳ ಸಮುದ್ರಕ್ಕೆ ಹೋದವರು ಬೂದು ಬಣ್ಣದ ಆ ಹಿಂಡುಗಳನ್ನು ನೋಡಿರಬಹುದು. ಸ್ಕ್ಯಾಂಡಿನೇವಿಯಾದ ಫ್ಯಾಲರೋಪ್‌ಗಳು ಅರಬ್ಬಿ ಸಮುದ್ರಕ್ಕೆ ಬರುವುದರಿಂದ ಶೆಟ್ಲೆಂಡಿನವೂ ಇಲ್ಲಿಗೇ ಬರುತ್ತವೆ ಎಂದು ಬಹುಕಾಲ ನಂಬಿದ್ದರು. ಫೆಟ್ಲರ್‌ನ ಹಕ್ಕಿಯೊಂದಕ್ಕೆ ಕಟ್ಟಿದ್ದ ಪುಟ್ಟ ಉಪಕರಣವನ್ನು 2013ರಲ್ಲಿ ಬಿಚ್ಚಿ ನೋಡಿದಾಗ ಅದು ಅಟ್ಲಾಂಟಿಕ್ ದಾಟಿ, ಕೆರಿಬಿಯನ್ ಹಾದು, ಪೆಸಿಫಿಕ್‌ನಲ್ಲಿ ಗಲಾಪಗೋಸ್ ಕಡೆ ಚಳಿಗಾಲ ಕಳೆದು ಬಂದಿತ್ತು. ಇದೇ ಫೆಟ್ಲರ್‌ನಲ್ಲಿ 1967ರಿಂದ ಕೆಲವು ವರ್ಷ ಹಿಮಗೂಬೆಗಳು ಗೂಡು ಕಟ್ಟಿದ್ದವು. ಹಾಗೆಯೇ ದಾರಿಯ ಹುಲ್ಲುಗಾಡಿನಲ್ಲಿ ವಿಂಬ್ರಲ್ ಕೂಗಿಗೆ ಕಿವಿಗೊಡಿ. ನಮ್ಮ ಅಳಿವೆಗಳಲ್ಲಿ ಚಳಿಗಾಲಕ್ಕೆ ಮೌನವಾಗಿ ಕೆಸರು ಕೆದಕುವ ಈ ಹಕ್ಕಿ ಹಾಡುತ್ತ ಗಾಳಿಯಲ್ಲಿ ತೇಲುವುದನ್ನು ಇಲ್ಲಿ ನೋಡಬಹುದು.

ಫೇರ್ ಐಲ್ ಸೇರಿಸಬೇಕೇ

ಶೆಟ್ಲೆಂಡ್ ಮತ್ತು ಆರ್ಕ್ನಿ ನಡುವೆ ಒಂಟಿಯಾಗಿ ನಿಂತ, ಐದು ಕಿಲೋಮೀಟರಿಗೂ ಉದ್ದವಿಲ್ಲದ ದ್ವೀಪ. ಜನ ಐವತ್ತರ ಆಚೀಚೆ. ಜಾರ್ಜ್ ವಾಟರ್‌ಸ್ಟನ್ ಇದನ್ನು ಕೊಂಡು 1948ರಲ್ಲಿ ಹಕ್ಕಿ ವೀಕ್ಷಣಾಲಯ ಶುರು ಮಾಡಿದರು. 1954ರಲ್ಲಿ ದ್ವೀಪ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್‌ನ ಕೈಗೆ ಬಂತು. ವೀಕ್ಷಣಾಲಯದ ಕಟ್ಟಡ 2019ರ ಮಾರ್ಚ್‌ನಲ್ಲಿ ಬೆಂಕಿಗೆ ಆಹುತಿಯಾಗಿ, ಈಗ ಮತ್ತೆ ಎದ್ದು ನಿಂತಿದೆ. ಲೆರ್ವಿಕ್ ಹತ್ತಿರದ ಟಿಂಗ್‌ವಾಲ್‌ನಿಂದ ಸಣ್ಣ ವಿಮಾನದಲ್ಲಿ 25 ನಿಮಿಷ, ಸಂಬರಾ ಬಳಿಯ ಗ್ರಟ್‌ನೆಸ್‌ನಿಂದ ದೋಣಿಯಲ್ಲಿ ಎರಡೂವರೆ ಗಂಟೆ. ವಿಮಾನದಲ್ಲಿ ಲಗೇಜಿನ ತೂಕ ಕಟ್ಟುನಿಟ್ಟು, ಟ್ರೈಪಾಡ್ ಸಮೇತ ತೂಗಿ ನೋಡಿಕೊಳ್ಳಿ. ಮಂಜಾದರೆ ಎರಡೂ ಇಲ್ಲ. ಹತ್ತು ದಿನದವರಿಗೆ ನಾನು ಬೇಡ ಎನ್ನುತ್ತೇನೆ. ಎರಡು ವಾರ ಇರುವವರು ಪ್ರವಾಸದ ನಡುವೆ ಮೂರು ರಾತ್ರಿ ಇಟ್ಟುಕೊಳ್ಳಿ. ಕೊನೆಯಲ್ಲಿ ಮಾತ್ರ ಇಡಬೇಡಿ. ಅಲ್ಲಿಗೇ ಮೀಸಲಾದ ಫೇರ್ ಐಲ್ ರೆನ್ ಎಂಬ ಉಪಜಾತಿ ಕಲ್ಲುಗೋಡೆಗಳಲ್ಲಿ ಇಲಿಯಂತೆ ನುಸುಳುತ್ತಿರುತ್ತದೆ.

ಚೀಲದಲ್ಲಿ ಏನಿರಬೇಕು, ಹೊಟ್ಟೆಗೆ ಏನು

ಬೇಸಿಗೆ ಎಂದರೆ 10ರಿಂದ 15 ಡಿಗ್ರಿ, ಜೊತೆಗೆ ಗಾಳಿ. ಮಳೆ ಮೇಲಿನಿಂದಲ್ಲ, ಪಕ್ಕದಿಂದ ಬರುತ್ತದೆ. ಕೊಡೆ ತರಬೇಡಿ. ಒಳ್ಳೆಯ ಮಳೆಯಂಗಿ, ಮಳೆ ಪ್ಯಾಂಟು, ಕಣಕಾಲು ಮುಚ್ಚುವ ಬೂಟು, ಉಣ್ಣೆ ಟೋಪಿ, ಕೈಗವಸು. ಬೈನಾಕ್ಯುಲರ್ 8x42 ಸಾಕು, ಗಾಳಿಯಲ್ಲಿ ಹತ್ತರದು ಅಲುಗುತ್ತದೆ. ಮೂರು ಚೌಕ ಪಿನ್ನಿನ ಬ್ರಿಟಿಷ್ ಪ್ಲಗ್ ಅಡಾಪ್ಟರು. ಕಣ್ಣಿಗೆ ಕಟ್ಟಿಕೊಳ್ಳುವ ಪಟ್ಟಿ ಕೂಡ, ಇಲ್ಲದಿದ್ದರೆ ಬೆಳಗಿನ ನಾಲ್ಕಕ್ಕೇ ಬಿಸಿಲು ಎಬ್ಬಿಸುತ್ತದೆ. ಹುಲ್ಲಿನಲ್ಲಿ ನಡೆದು ಬಂದ ಮೇಲೆ ಕಾಲು, ಮಂಡಿಸಂದುಗಳಲ್ಲಿ ಉಣ್ಣಿ (ಟಿಕ್) ಕಚ್ಚಿದೆಯೇ ನೋಡಿಕೊಳ್ಳಿ. ಅಲ್ಲಿ ಅದರಿಂದ ಲೈಮ್ ರೋಗ ಬರುವುದುಂಟು.

ಸಸ್ಯಾಹಾರಿಗಳು ಅಡುಗೆಮನೆ ಇರುವ ವಸತಿಯನ್ನೇ ಹಿಡಿಯಿರಿ. ಲೆರ್ವಿಕ್‌ನಲ್ಲಿ ಟೆಸ್ಕೊ, ಕೋ-ಆಪ್ ಇವೆ. ಅಕ್ಕಿ, ಬೇಳೆ, ಮೊಸರು ಎಲ್ಲ ಸಿಗುತ್ತದೆ. ಉತ್ತರಕ್ಕೆ ಹೋಗುವ ಮುಂಚೆ ಅಲ್ಲೇ ತುಂಬಿಕೊಳ್ಳಿ. ಚಟ್ನಿಪುಡಿ, ಸಾರಿನಪುಡಿ ಊರಿನಿಂದ ಒಯ್ಯಬಹುದು. ತುಪ್ಪ, ಖೋವಾದಂಥ ಹಾಲಿನ ಪದಾರ್ಥ ಮತ್ತು ಮಾಂಸವನ್ನು ಭಾರತದಿಂದ ಬ್ರಿಟನ್ನಿಗೆ ತರುವಂತಿಲ್ಲ. ಹೊರ ಹೆಬ್ರಿಡೀಸ್ ಆರಿಸಿಕೊಂಡವರು ಭಾನುವಾರದ ಊಟವನ್ನು ಶನಿವಾರವೇ ನೋಡಿಕೊಳ್ಳಿ. ಲೂಯಿಸ್, ಹ್ಯಾರಿಸ್‌ಗಳಲ್ಲಿ ಆ ದಿನ ಬಹುಪಾಲು ಅಂಗಡಿಗಳು ಮುಚ್ಚಿರುತ್ತವೆ.

ಹಕ್ಕಿಜ್ವರ, ಕಾನೂನು, ಇಲಿ

2021 ಮತ್ತು 2022ರ ಬೇಸಿಗೆಗಳಲ್ಲಿ ಹಕ್ಕಿಜ್ವರ ಈ ದ್ವೀಪಗಳನ್ನು ಹಾಳುಗೆಡವಿತು. ಜಗತ್ತಿನ ಬಾಂಕ್ಸಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಕಾಟ್ಲೆಂಡಿನಲ್ಲೇ ಗೂಡು ಮಾಡುತ್ತಿದ್ದವು. 2023ರ ಗಣತಿಯಲ್ಲಿ ಬ್ರಿಟನ್ನಿನ ಬಾಂಕ್ಸಿಗಳ ಸಂಖ್ಯೆ 76 ಶೇಕಡ, ಗ್ಯಾನೆಟ್‌ಗಳದ್ದು 25 ಶೇಕಡ ಇಳಿದಿತ್ತು. ಹಳೆಯ ಪ್ರವಾಸ ಬರಹಗಳಲ್ಲಿ ಹರ್ಮನೆಸ್ ಬಾಂಕ್ಸಿಗಳಿಂದ ಕಿಕ್ಕಿರಿದಿದೆ ಎಂದಿದ್ದರೆ ಆ ನಿರೀಕ್ಷೆಯನ್ನು ಕಡಿಮೆ ಮಾಡಿಕೊಂಡು ಹೋಗಿ. ಸತ್ತ ಹಕ್ಕಿ ಕಂಡರೆ ಮುಟ್ಟಬೇಡಿ. ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬೂಟಿನ ಅಡಿಯ ಹಿಕ್ಕೆ, ಮಣ್ಣು ತೊಳೆಯಿರಿ. ಮರಿಗಳ ಆಹಾರವಾದ ಸ್ಯಾಂಡ್‌ಈಲ್ ಮೀನುಗಾರಿಕೆಯನ್ನು ಸ್ಕಾಟ್ಲೆಂಡ್ ತನ್ನ ನೀರಿನಲ್ಲಿ 2024ರ ಮಾರ್ಚ್‌ನಿಂದ ನಿಲ್ಲಿಸಿದೆ. ಈಚೆಗೆ ಕೇಳಿದ ಒಳ್ಳೆಯ ಸುದ್ದಿ ಅದೊಂದು.

ಸ್ಕಾಟ್ಲೆಂಡಿನಲ್ಲಿ 2003ರ ಕಾಯಿದೆಯ ಪ್ರಕಾರ ಯಾರ ಹೊಲ, ಗುಡ್ಡದ ಮೇಲಾದರೂ ಜವಾಬ್ದಾರಿಯಿಂದ ನಡೆದುಹೋಗುವ ಹಕ್ಕಿದೆ. ಗೇಟು ಹೇಗಿತ್ತೋ ಹಾಗೆ ಬಿಡಿ, ಕುರಿಮರಿಗಳನ್ನು ಬೆದರಿಸಬೇಡಿ. ಆದರೆ ಗೂಡಿನ ವಿಷಯದಲ್ಲಿ ಈ ಹಕ್ಕು ನಡೆಯುವುದಿಲ್ಲ. ಫ್ಯಾಲರೋಪ್, ಕಾರ್ನ್‌ಕ್ರೇಕ್, ಕೆಂಪುಗಂಟಲಿನ ಡೈವರ್, ಕಡಲ ಹದ್ದುಗಳಂಥ ಹಕ್ಕಿಗಳನ್ನು ಗೂಡಿನ ಬಳಿ ಕಾಡುವುದು 1981ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ. ಮೊಬೈಲಿನಲ್ಲಿ ಕೂಗು ಹಾಕಿ ಕಾರ್ನ್‌ಕ್ರೇಕ್ ಕರೆಸುವುದೂ ಅದರಲ್ಲೇ ಬರುತ್ತದೆ. ಡ್ರೋನ್ ಮನೆಯಲ್ಲೇ ಇರಲಿ.

ಸೇಂಟ್ ಕಿಲ್ಡಾ, ಫೇರ್ ಐಲ್‌ಗಳಂಥ ಕಡೆ ಹೊರಡುವ ಮುಂಚೆ ಚೀಲ ಬಿಚ್ಚಿ ನೋಡಿ ಎಂದು ಹೇಳುತ್ತಾರೆ, ಅದನ್ನು ತಮಾಷೆ ಎಂದುಕೊಳ್ಳಬೇಡಿ. ಬಿಲದಲ್ಲಿ ಮೊಟ್ಟೆಯಿಡುವ ಹಕ್ಕಿಗಳ ದ್ವೀಪಕ್ಕೆ ಬಸುರಿ ಇಲಿಯೊಂದು ಸೇರಿದರೂ ಸಾಕು.

ಹಿಂದಿರುಗುವಾಗ

ಕೊನೆಯ ಎರಡು ರಾತ್ರಿ ಲೆರ್ವಿಕ್‌ನಲ್ಲೇ ಇರಿ. ಆರಂಭದಲ್ಲಿ ಖಾಲಿ ಬಿಡಿ ಎಂದಿದ್ದ ದಿನಗಳು ಇವು. ಮೂಸಾ ರದ್ದಾಗಿದ್ದರೆ ಈಗ ಹೋಗಬಹುದು, ಸಂಬರಾದಲ್ಲಿ ಮಂಜಿದ್ದರೆ ಈಗ ಮತ್ತೊಂದು ಸಂಜೆ. ಏನೂ ರದ್ದಾಗದಿದ್ದರೆ ಲೆರ್ವಿಕ್ ಬಂದರಿನ ಮೀನು ಕಟ್ಟೆಯ ಬಳಿ ಸೀಲ್‌ಗಳನ್ನೂ ಬ್ಲ್ಯಾಕ್ ಗಿಲಿಮಾಟ್‌ಗಳನ್ನೂ ನೋಡುತ್ತ ಕೂರಬಹುದು. ಅಬರ್ಡೀನ್ ತಲುಪುವ ದಿನವೇ ಲಂಡನ್‌ನಿಂದ ಬೆಂಗಳೂರು ವಿಮಾನ ಇಟ್ಟುಕೊಳ್ಳಬೇಡಿ, ನಡುವೆ ಒಂದು ಪೂರ್ತಿ ದಿನ ಇರಲಿ. ಕಂಡ ಹಕ್ಕಿಗಳನ್ನು ದಾಖಲಿಸುವ ಜಾಲತಾಣ ಇ-ಬರ್ಡ್‌ಗೆ ಪಟ್ಟಿ ಹಾಕುವವರು ಅದನ್ನು ಹಡಗು ಹತ್ತುವ ಮುಂಚೆಯೇ ಮುಗಿಸಿ, ಬಂದರು ಬಿಟ್ಟ ಸ್ವಲ್ಪ ಹೊತ್ತಿಗೆ ಮೊಬೈಲ್ ಸಿಗ್ನಲ್ ಹೋಗುತ್ತದೆ. ಗೂಡಿರುವ ಅಪರೂಪದ ಹಕ್ಕಿಗಳ ನಿಖರ ಜಾಗವನ್ನು ಮಾತ್ರ ಅದರಲ್ಲಿ ಬರೆಯಬೇಡಿ.